ಏಡಿಯ ಬೆನ್ನ ಹಿಂದಿನ ಸಂದು

ಕಲ್ಲುಂಡೆ ಬಂದದ್ದು ಹಳೆಯ ಬಿಸ್ಕಿಟ್ ಡಬ್ಬಿಯಲ್ಲಿ. ಒಳಗೆ ಹತ್ತಿ, ಹತ್ತಿಯೊಳಗೆ ಬಟ್ಟೆ, ಬಟ್ಟೆಯೊಳಗೆ ಎರಡು ಹೋಳಾಗಿ ಸೀಳಿದ ಕಂದು ಬಣ್ಣದ ಒಂದು ಉಂಡೆ. ಒಂದು ಹೋಳಿನ ಮುಖದಲ್ಲಿ ಅಂಗಿ ಗುಂಡಿಯಷ್ಟು ಜಾಗ ಮಾತ್ರ ನುಣ್ಣಗೆ ಹೊಳೆಯುತ್ತಿತ್ತು. ನಮ್ಮ ಕಾಲೇಜಿನ ಭೂವಿಜ್ಞಾನ ವಿಭಾಗದ ಮುಖ್ಯಸ್ಥರು ಅದನ್ನು ನನ್ನ ಮೇಜಿನ ಮೇಲಿಟ್ಟು ಎರಡು ಹೆಜ್ಜೆ ಹಿಂದೆ ಸರಿದು ನಿಂತರು. ಹಸುಗೂಸನ್ನು ಬೇರೆಯವರ ಕೈಗೆ ಕೊಟ್ಟವರ ಮುಖವಿತ್ತು ಅವರದು.

"ಒಳಗ ಏಡಿ ಐತ್ರಿ ಬಾಯಾರ," ಎಂದರು. "ಕಛ್ ಕಡೆಯಿಂದ ಬಂದೈತಿ. ಎರಡು ಕೋಟಿ ವರ್ಷದ್ದು ಅಂತಾರ. ಬಿಡಿಸಾಕ ಒಂದ ತಿಂಗಳ ಟೈಮ್ ಕೊಟ್ಟಾರ."

ಕೊಟ್ಟವರು ಪಳೆಯುಳಿಕೆ ಏಡಿಗಳ ಬಗ್ಗೆ ಜೀವಮಾನವಿಡೀ ಕೆಲಸ ಮಾಡಿದ ಒಬ್ಬ ಮೇಡಂ. ಹುಟ್ಟಿದ್ದು ಧಾರವಾಡದಲ್ಲಿ, ಈಗ ದೂರದ ಊರೊಂದರ ಸಂಸ್ಥೆಯಲ್ಲಿದ್ದಾರೆ. ಅವರ ಬಳಿ ಇಂಥ ಕಲ್ಲುಂಡೆಗಳ ಒಂದು ದೊಡ್ಡ ಪೆಟ್ಟಿಗೆಯೇ ಇತ್ತು, ಬಿಡಿಸುವ ಕೈಗಳಿರಲಿಲ್ಲ. ಈ ಒಂದು ಉಂಡೆ ಪರೀಕ್ಷೆ. ಚೆನ್ನಾಗಿ ಬಿಡಿಸಿ ತೋರಿಸಿದರೆ ಇಡೀ ಪೆಟ್ಟಿಗೆ ಗೋಕಾಕಕ್ಕೆ ಬರುತ್ತದೆ. ಇಲ್ಲವಾದರೆ ದೊಡ್ಡ ಊರಿನ ದೊಡ್ಡ ಪ್ರಯೋಗಾಲಯಕ್ಕೆ ಹೋಗುತ್ತದೆ.

ನನಗೆ ಆ ಪೆಟ್ಟಿಗೆ ಬೇಕಿತ್ತು. ಎಷ್ಟು ಬೇಕಿತ್ತೆಂದರೆ, ಅಂದು ಸಂಜೆ ಮನೆಗೆ ಹೋಗುವ ಮೊದಲು ಅದನ್ನಿಡಲು ಒಂದು ಕಪಾಟು ಖಾಲಿ ಮಾಡಿ, ಒರೆಸಿ, ಒಳಗೆ ಹಾಳೆ ಹಾಸಿ ಬಂದೆ. ಅಲ್ಲಿಯವರೆಗೆ ನನ್ನ ಕೆಲಸವೆಂದರೆ ಕಲ್ಲುಗಳ ಧೂಳು ಒರೆಸುವುದು, ಚೀಟಿ ಅಂಟಿಸುವುದು, ವಿದ್ಯಾರ್ಥಿಗಳು ಅದಲುಬದಲು ಮಾಡಿಟ್ಟದ್ದನ್ನು ಮತ್ತೆ ಅದರದರ ಜಾಗದಲ್ಲಿ ಇಡುವುದು. ಗೋಕಾಕದಲ್ಲಿ ಕಲ್ಲಿಗೇನು ಬರವಿಲ್ಲ. ಜಲಪಾತದ ಬಂಡೆಗಳಲ್ಲಿ ನೀರಿನ ತೆರೆ ಬಿಟ್ಟುಹೋದ ಗೆರೆಗಳು ಇಂದಿಗೂ ಕಾಣುತ್ತವೆ. ಆದರೆ ಆ ಬಂಡೆ ಎಷ್ಟು ಹಳೆಯದೆಂದರೆ, ಅದು ಮರಳಾಗಿದ್ದ ಕಾಲಕ್ಕೆ ಭೂಮಿಯ ಮೇಲೆ ಕಾಲು ಮೂಡಿದ ಪ್ರಾಣಿಯೇ ಇರಲಿಲ್ಲ. ಹತ್ತು ಕಾಲಿನ ಒಂದು ಪ್ರಾಣಿ ನನ್ನ ಮೇಜಿಗೆ ಬಂದದ್ದು ಅದೇ ಮೊದಲು.

ಕೆಲಸದ ಬಗೆ ಹೀಗೆ. ಉಂಡೆಯನ್ನು ಮರಳು ತುಂಬಿದ ಚೀಲದ ಮೇಲೆ ಕೂರಿಸಬೇಕು, ಅಲುಗಬಾರದು. ಮೇಲೆ ಸೂಕ್ಷ್ಮದರ್ಶಕ. ಬಲಗೈಯಲ್ಲಿ ಗಾಳಿಯ ಒತ್ತಡದಿಂದ ಕುಟ್ಟುವ ಸೂಜಿ. ಹಲ್ಲಿನ ಡಾಕ್ಟರರ ಯಂತ್ರದಂತೆಯೇ ಕಿರ್ರೆನ್ನುತ್ತದೆ. ಎಡಗೈಯಲ್ಲಿ ಒದ್ದೆ ಕುಂಚ. ಚಿಪ್ಪು ಹತ್ತಿರ ಬಂತೆಂದರೆ ಯಂತ್ರ ನಿಲ್ಲಿಸಿ, ಕೈಸೂಜಿ ಹಿಡಿದು ಕಣ ಕಣವಾಗಿ ಕೆಸರುಗಲ್ಲನ್ನು ಎಬ್ಬಿಸಬೇಕು. ಒಂದು ದಿನದ ಕೆಲಸವೆಂದರೆ ಹೆಚ್ಚೆಂದರೆ ಕಿರುಬೆರಳಿನ ಉಗುರಿನಷ್ಟು ಜಾಗ. ಎಬ್ಬಿಸಿದ ಪುಡಿಯನ್ನೂ ಬಿಸಾಡುವಂತಿಲ್ಲ. ಯಾವ ಭಾಗದಿಂದ ಬಂತೆಂದು ಬರೆದು ಸಣ್ಣ ಡಬ್ಬಿಗಳಲ್ಲಿ ಇಡಬೇಕು. ಎಲ್ಲಕ್ಕಿಂತ ದೊಡ್ಡ ನಿಯಮ ಅಂಟಿನದು. ಇಂದು ಅಂಟಿಸಿದ್ದು ಮುಂದೊಂದು ದಿನ ಬಿಡಿಸಲು ಬರಬೇಕು. ಅದಕ್ಕಾಗಿಯೇ ಅಸಿಟೋನಿನಲ್ಲಿ ಕರಗುವ ಅಂಟನ್ನಷ್ಟೇ ಬಳಸುತ್ತೇವೆ. ಉಗುರುಬಣ್ಣ ಅಳಿಸುವ ದ್ರವದ ವಾಸನೆಯೇ ಅದರದ್ದೂ.

ಮೊದಲ ವಾರ ಬೆನ್ನಿನ ಚಿಪ್ಪು ಪೂರ್ತಿ ಕಂಡಿತು. ಎರಡನೆಯ ವಾರ ಕಾಲುಗಳು. ಒಂದೊಂದೇ ಗೆಣ್ಣು, ಒಂದೂ ತಪ್ಪದೆ ಸಾಲಾಗಿ ಹೊರಗೆ ಬಂದವು. ಇಕ್ಕಳದಂಥ ಎರಡು ಮುಂಗಾಲುಗಳಲ್ಲಿ ಬಲದ್ದು ದೊಡ್ಡದು, ಎಡದ್ದು ಸಣ್ಣದು. ಬಾಯಿಯ ಹತ್ತಿರದ ಹುರುಳಿಕಾಳಿಗಿಂತ ಸಣ್ಣ ಭಾಗಗಳೂ ಅವುಗಳ ಜಾಗದಲ್ಲಿಯೇ ಇದ್ದವು. ನನಗೆ ಹಿಗ್ಗೋ ಹಿಗ್ಗು. ಊಟದ ಡಬ್ಬಿ ಬಿಚ್ಚಲೂ ಮೇಜು ಬಿಟ್ಟೇಳುತ್ತಿರಲಿಲ್ಲ. ಮುಖ್ಯಸ್ಥರು ದಿನಾ ಹುಕ್ಕೇರಿಯಿಂದ ಬಸ್ಸಿನಲ್ಲಿ ಬರುವವರು. ಬಂದವರೇ ಹಾಜರಿ ಪುಸ್ತಕಕ್ಕೆ ಸಹಿ ಹಾಕುವ ಮೊದಲು ನನ್ನ ಸೂಕ್ಷ್ಮದರ್ಶಕದಲ್ಲಿ ಕಣ್ಣು ನೆಡುತ್ತಿದ್ದರು. "ಎಷ್ಟ್ ಕಾಲ್ ಆದ್ವು ಇವತ್ತ?" ಎಂಬುದು ಅವರ ನಮಸ್ಕಾರವಾಗಿಬಿಟ್ಟಿತು.

ನಾನು ತಪ್ಪು ಮಾಡಿದ್ದು ಮೂರನೆಯ ವಾರ.

ಚಿಪ್ಪಿನ ಮುಂದಿನ ಅಂಚು ಕಣ್ಣುಗಳ ಹತ್ತಿರ ಮೈಗೆ ಸರಿಯಾಗಿ ಕೂತಿತ್ತು. ಹಿಂದಿನ ಅಂಚು ಮಾತ್ರ ಮೇಲೆದ್ದಿತ್ತು, ಅಡಕೆ ಡಬ್ಬಿಯ ಮುಚ್ಚಳವನ್ನು ಅರ್ಧ ತೆರೆದಿಟ್ಟ ಹಾಗೆ. ಬೆನ್ನಿಗೂ ಕೆಳಗಿನ ಮೈಗೂ ನಡುವೆ ಹಿಂಬದಿಯಲ್ಲಿ ಅಕ್ಕಿಕಾಳು ತೂರುವಷ್ಟು ಸಂದು. ಸಂದಿನ ತುಂಬ ಗಟ್ಟಿಯಾದ ಕೆಸರು. ಚಿಪ್ಪು ಬಾಗಿ ಕೆಳಗಿಳಿಯುವ ಕೆನ್ನೆಯ ಎರಡೂ ಬದಿಗೆ ಕೂದಲೆಳೆಯಂಥ ಬಿರುಕು. ಮೇಲಿನ ಮಣ್ಣಿನ ಭಾರಕ್ಕೆ ಒಡೆದಿದೆ ಎಂದುಕೊಂಡೆ. ಬೇರೆ ಯೋಚನೆ ಹೊಳೆಯಲೇ ಇಲ್ಲ.

ಹೊಳೆಯದಿರಲು ಕಾರಣವಿದೆ. ನಾನು ಹುಟ್ಟಿದ್ದು ಗೋಕಾಕದ ಬೊಂಬೆ ಮಾಡುವವರ ಮನೆಯಲ್ಲಿ. ಹಗುರ ಕಟ್ಟಿಗೆಯ ಬಾಳೆಹಣ್ಣು, ಮಾವಿನಹಣ್ಣು, ಗಿಳಿ. ಎರಡು ಹೋಳು ಜೋಡಿಸುವುದು ಗಂಡಸರು. ಜೋಡಿಸಿದ ಗೆರೆ ಕಾಣದಂತೆ ಹುಣಸೆ ಬೀಜದ ಅಂಟಿನಲ್ಲಿ ಕಟ್ಟಿಗೆ ಪುಡಿ ಕಲಸಿ ಸಂದು ತುಂಬುವುದು ಹೆಂಗಸರು. ತುಂಬಿ, ಒಣಗಿಸಿ, ತಿಕ್ಕಿದ ಮೇಲೆ ಅವ್ವ ಕಣ್ಣು ಮುಚ್ಚಿಕೊಂಡು ಹಣ್ಣಿನ ಸುತ್ತ ಉಗುರು ಎಳೆಯುತ್ತಿದ್ದಳು. ಉಗುರು ಎಲ್ಲಾದರೂ ತಡೆಯಿತೋ, ಹಣ್ಣು ಮರಳಿ ನಮ್ಮ ಮಡಿಲಿಗೆ. "ಸಂದು ಕಂಡ್ರ ಅದು ಹಣ್ಣಲ್ಲ, ಎರಡ ಕಟಗಿ" ಎನ್ನುತ್ತಿದ್ದಳು. ಈ ಮಾತು ಕೇಳುತ್ತ ಬೆಳೆದವಳ ಎದುರಿಗೆ ಬಾಯಿ ತೆರೆದ ಸಂದೊಂದು ಬಂದರೆ ಕೈ ಸುಮ್ಮನಿರುತ್ತದೆಯೇ?

ಕೈ ಸುಮ್ಮನಿರಲಿಲ್ಲ. ಮೊದಲು ಎಲ್ಲ ಕೋನಗಳಿಂದ ಫೋಟೋ ತೆಗೆದುಕೊಂಡೆ, ಅಷ್ಟು ಬುದ್ಧಿಯಾದರೂ ಇತ್ತು. ಆಮೇಲೆ ಚಿಪ್ಪನ್ನು ಸೂಜಿಯಿಂದ ಮೆಲ್ಲಗೆ ಸಡಿಲಿಸಿ ಎತ್ತಿದೆ. ಅಡಿಯಲ್ಲಿದ್ದ ಕೆಸರು ಬೆಣೆಯ ಆಕಾರದಲ್ಲಿ ಒಂದೇ ಚೂರಾಗಿ ಎದ್ದುಬಂತು. ಅದನ್ನು ನಿಯಮದ ಪ್ರಕಾರ ಡಬ್ಬಿಗೆ ಹಾಕಿ ಚೀಟಿ ಬರೆದೆ. ಚಿಪ್ಪನ್ನು ಕೆಳಗಿಳಿಸಿ, ಹಿಂದಿನ ಅಂಚು ಮೈಗೆ ತಾಗುವಂತೆ ಕೂರಿಸಿ ಅಂಟು ಬಿಟ್ಟೆ. ಉಳಿದ ಬಿರುಕುಗಳಿಗೆ ಅದೇ ಉಂಡೆಯ ಪುಡಿಯನ್ನು ಅದೇ ಅಂಟಿನಲ್ಲಿ ಕಲಸಿ, ಮೂರು ಕೂದಲಿನ ಕುಂಚದಿಂದ ತುಂಬಿದೆ. ಒಣಗಿದ ಮೇಲೆ ಕಣ್ಣು ಮುಚ್ಚಿ ಉಗುರು ಎಳೆದೆ. ಎಲ್ಲಿಯೂ ತಡೆಯಲಿಲ್ಲ. ಅವ್ವ ನೋಡಿದ್ದರೆ ಬೆನ್ನು ತಟ್ಟುತ್ತಿದ್ದಳು ಎಂದುಕೊಂಡು ನಾನೇ ನನ್ನ ಬೆನ್ನು ತಟ್ಟಿಕೊಂಡೆ.

ಏಡಿಯ ಕಾಲುಗಳ ಚಿತ್ರ ಬರೆಯಲು ಹೋಲಿಕೆಗೆಂದು ನಮ್ಮ ಕಡೆಯ ಏಡಿಗಳೂ ಬೇಕಾಗಿದ್ದವು. ಮೂಡಲಗಿಯಲ್ಲಿ ನನ್ನ ಹೈಸ್ಕೂಲ್ ಗೆಳತಿಯೊಬ್ಬಳಿದ್ದಾಳೆ. ಕಾಲುವೆ ನೀರಿನ ಕಬ್ಬು ಅವರದು, ತಾನೇ ನಿಂತು ನೋಡಿಕೊಳ್ಳುತ್ತಾಳೆ. ಒಡ್ಡು ಕೊರೆದು ನೀರು ಸೋರಿಸುವ ಏಡಿಗಳೆಂದರೆ ಅವಳಿಗೆ ಹಳೆಯ ವೈರಿಗಳು. ಫೋನ್ ಮಾಡಿ "ನಾಕು ಸತ್ತ ಏಡಿ ಇದ್ರ ಕಳಿಸ" ಎಂದೆ. ಗೋಕಾಕಕ್ಕೆ ಬರುವವರ ಕೈಯಲ್ಲಿ ಒಂದು ಸಿಹಿತಿಂಡಿ ಡಬ್ಬಿ ಕಳಿಸಿದಳು. ಒಳಗೆ ಆರು ಏಡಿಗಳು, ಒಣಗಿ ಕಾಗದದಷ್ಟು ಹಗುರ. ಆರೂ ಬೆನ್ನ ಹಿಂದೆ ಬಾಯಿ ಬಿಟ್ಟಿದ್ದವು. ಬಸ್ಸಿನ ಕುಲುಕಾಟಕ್ಕೆ ಒಡೆದಿರಬೇಕೆಂದು ಆರನ್ನೂ ಒತ್ತಿ, ಅಂಟಿಸಿ, ಸಂದು ತುಂಬಿ ಸಾಲಾಗಿ ಇಟ್ಟೆ. ಆರೂ ಒಂದೇ ಜಾಗದಲ್ಲಿ ಏಕೆ ಒಡೆದವು ಎಂದು ನನ್ನನ್ನು ನಾನು ಕೇಳಿಕೊಳ್ಳಲಿಲ್ಲ. ಈಗ ನೆನೆದರೆ ತಲೆ ಚಚ್ಚಿಕೊಳ್ಳುವ ಹಾಗಾಗುತ್ತದೆ.

ಬಿಡಿಸಿದ ಏಡಿಯ ಫೋಟೋಗಳನ್ನು ಮೇಡಂಗೆ ಕಳಿಸಿದೆವು. ಮರುದಿನವೇ ಅವರ ಫೋನು. "ಇಷ್ಟ್ ಚೆಂದ ಕೆಲಸ ನಾ ನೋಡಿಲ್ರಿ. ಸೋಮವಾರ ಪೆಟ್ಟಿಗಿ ಕಳಿಸ್ತೀನಿ. ಈ ಏಡಿ ಬಗ್ಗೆ ಬರಿಯೂದೂ ಶುರು ಮಾಡ್ತೀನಿ. ಮೈ ಮುಚ್ಚಿ, ಕಾಲು ಪೂರಾ ಇದ್ದು ಸತ್ತದ್ದು, ಒಮ್ಮೆಲೇ ಕೆಸರು ಬಿದ್ದು ಹೂತಿರಬೇಕು" ಎಂದರು. ಮುಖ್ಯಸ್ಥರು ಇಡೀ ಕಾಲೇಜಿಗೆ ಕರದಂಟು ಹಂಚಿದರು. ನಾನು ಎರಡು ತಿಂದೆ.

ಅದು ಶುಕ್ರವಾರ. ಶನಿವಾರ ಮೂಡಲಗಿಯ ಗೆಳತಿ ಗೋಕಾಕಕ್ಕೆ ಸಂತೆಗೆಂದು ಬಂದವಳು ನನ್ನನ್ನು ನೋಡಿಕೊಂಡು ಹೋಗಲು ಕಾಲೇಜಿಗೂ ಬಂದಳು. ಮೇಜಿನ ಮೇಲೆ ಸಾಲಾಗಿದ್ದ ಅವಳ ಆರು ಏಡಿಗಳನ್ನು ಕಂಡು ಒಂದನ್ನು ಎತ್ತಿಕೊಂಡಳು. ಹಿಂದೆ ತಿರುಗಿಸಿದಳು, ಮುಂದೆ ತಿರುಗಿಸಿದಳು.

"ಇವ ಏನ್ ನಾ ಕಳಿಸಿದ್ವು?"

"ಹೂಂ. ಎಲ್ಲಾ ಹಿಂದ ಒಡದಿದ್ವು. ಸರಿ ಮಾಡಿ ಇಟ್ಟೇನಿ."

ಅವಳಿಗೆ ನಗು ಹತ್ತಿಕೊಂಡದ್ದು ಅಷ್ಟಿಷ್ಟಲ್ಲ. ಸ್ಟೂಲ್ ಎಳೆದುಕೊಂಡು ಕೂತಳು, ಸೆರಗಿನಿಂದ ಕಣ್ಣು ಒರೆಸಿಕೊಂಡಳು.

"ಯವ್ವಾ ಹುಚ್ಚಿ! ಎಲ್ಲಾದರದೂ ಬಾಗಲಾ ಹಾಕಿ ಕುಂತೀಯಲ್ಲ!"

"ಯಾವ ಬಾಗಲಾ?"

"ಏಡಿ ಹೊರಗ ಹೊಂಟ ಬಾಗಲಾ! ಇವು ಸತ್ತಾವೇನ? ಸತ್ತಿದ್ರ ನಾರತಿದ್ದಿಲ್ಲೇನ? ಇದು ಪೊರಿ. ಹಾವು ಪೊರಿ ಬಿಡೂದಿಲ್ಲಾ, ಹಂಗ. ಹಿಂದಿನ ಬಾಜೂ ಬೆನ್ನ ಎತ್ತಿಕೊಂಡು, ಹಿಂದಕ್ಕ ಹಿಂದಕ್ಕ ಜಾರಿ ಹೊರಗ ಬರತೈತಿ. ಕಾಲ ಸೈತ ಎಳಕೊಂಡ ಬರತೈತಿ. ಎಷ್ಟೋ ಸಲ ಪೊರಿನೂ ತಾನ ತಿಂದ ಬಿಡತೈತಿ. ಉಳದದ್ದು ನಮ್ಮ ಕಾಲವಿ ಮೂಲ್ಯಾಗ, ನೀರ ಅಳ್ಳಾಡದ ಜಾಗಾದಾಗ ಸಿಗತಾವ. ಹರಿಯೂ ನೀರಿನ್ಯಾಗ ಬರೀ ಚೂರ."

"ಮತ್ತ ಸತ್ತ ಏಡಿ ಕಳಿಸ ಅಂದ್ರ ಪೊರಿ ಯಾಕ ಕಳಿಸಿದಿ?"

"ಸತ್ತದ್ದ ಕಳಿಸಿದ್ರ ಡಬ್ಬಿ ಹಿಡಕೊಂಡ ಬಂದಾವ ಬಸ್ಸಿನ್ಯಾಗಿಂದ ಇಳದ ಓಡಿ ಹೋಗತಿದ್ದ!" ಎಂದು ಮತ್ತೆ ನಕ್ಕಳು.

ನಾನು ನಗಲಿಲ್ಲ. ನನ್ನ ಕಣ್ಣು ಸೂಕ್ಷ್ಮದರ್ಶಕದ ಕೆಳಗಿದ್ದ ಇನ್ನೊಂದು ಏಡಿಯ ಮೇಲಿತ್ತು. ಬೆನ್ನ ಹಿಂದಿನ ಸಂದು. ಕೆನ್ನೆಯ ಎರಡೂ ಬದಿಗೆ ಸಮನಾದ ಬಿರುಕು. ಎಲ್ಲ ಕಾಲುಗಳೂ ತಮ್ಮ ಜಾಗದಲ್ಲಿ. ನನಗೆ ಒಮ್ಮೆಲೇ ಬೆವರಿತು, ಆಮೇಲೆ ಒಳಗಿನಿಂದ ಎಂಥದೋ ಸಂತೋಷ ಉಕ್ಕಿಬಂತು. ಆ ಎರಡೂ ಒಟ್ಟಿಗೆ ಬಂದದ್ದು ನನ್ನ ಜೀವನದಲ್ಲಿ ಅದೊಂದೇ ಸಲ. ನಾನು ಒಂದು ಪಳೆಯುಳಿಕೆಯನ್ನು ಕೆಡಿಸಿದ್ದೆ, ಮತ್ತು ಆ ಏಡಿ ಸತ್ತಿರಲಿಲ್ಲ!

ಖುಷಿ ಒಂದು ಕಡೆ, ಸೋಮವಾರ ಇನ್ನೊಂದು ಕಡೆ. ಬಾಯಿ ಮುಚ್ಚಿಕೊಂಡು ಕೂತರೆ ಎರಡು ದಿನದಲ್ಲಿ ಪೆಟ್ಟಿಗೆ ಹೊರಡುತ್ತದೆ. ಕಪಾಟು ಸಿದ್ಧವಾಗಿದೆ. ಹೇಳಿದರೆ, ಬೆನ್ನು ಎತ್ತಿ ಕೂರಿಸಿದವಳ ಕೈಗೆ ಇನ್ನಷ್ಟು ಬೆನ್ನುಗಳನ್ನು ಯಾರು ಕೊಡುತ್ತಾರೆ? ಆದರೆ ಮೇಡಂ ಬರೆಯಲು ಕೂತಿದ್ದಾರೆ. ನಾನು ತುಂಬಿದ ಸಂದನ್ನು ನಂಬಿ, ಅದು ಸತ್ತು ಹೂತ ಏಡಿ ಎಂದು ಅಚ್ಚು ಹಾಕಿಸುತ್ತಾರೆ.

ಭಾನುವಾರ ಏಡಿಯನ್ನು ಹತ್ತಿಯಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡು ಹುಕ್ಕೇರಿ ಬಸ್ಸು ಹತ್ತಿದೆ. ಮುಖ್ಯಸ್ಥರು ಬರೀ ಬನಿಯನ್‌ನಲ್ಲಿ ಅಂಗಳದಲ್ಲಿ ಕೂತು ಪೇಪರ್ ಓದುತ್ತಿದ್ದರು. ನನ್ನನ್ನು ಕಂಡು ಗಾಬರಿಯಾಗಿ ಒಳಗೆ ಹೋಗಿ ಅಂಗಿ ಹಾಕಿಕೊಂಡು ಬಂದರು. ನಾನು ಉಸಿರು ಬಿಡದೆ ಎಲ್ಲವನ್ನೂ ಹೇಳಿದೆ.

ಅವರು ಏಡಿಯನ್ನು ಬೆಳಕಿನ ಕಡೆಗೆ ತಿರುಗಿಸಿ ನೋಡಿದರು. "ಅಲ್ರಿ ಬಾಯಾರ, ಪೆಟಗಿ ಬಂದ ಮ್ಯಾಲ ಹೇಳೂಣಲ್ಲ? ಹೇಳೂದಂತೂ ಹೇಳೂಣ. ಒಂದ ವಾರ ತಡದ ಹೇಳೂಣ."

"ಒಂದ ವಾರ ತಡದ್ರ ಪೆಟಗಿ ಸುಳ್ಳ ಹೇಳಿ ತಂದಂಗ ಆಗತೈತ್ರಿ ಸರ್."

"ಮತ್ತ ಪೆಟಗಿ ಬರಲಿಲ್ಲ ಅಂದ್ರ?"

"ನನಗೂ ಅದ ಅಂಜಿಕಿ ಐತ್ರಿ," ಎಂದೆ. ಅವರ ಹೆಂಡತಿ ಚಹಾ ತಂದಿಟ್ಟು, ನನ್ನ ಮುಖ ನೋಡಿ ಇನ್ನೊಂದು ಚಮಚ ಸಕ್ಕರೆ ಹಾಕಿದರು.

ಅವರ ಅಂಗಳದಿಂದಲೇ ಮೇಡಂಗೆ ಫೋನ್ ಮಾಡಿದೆ. ಪೆಟ್ಟಿಗೆ ಕಳಿಸಬೇಡಿ, ಬರೆಯುವುದನ್ನೂ ನಿಲ್ಲಿಸಿ, ನಾನೊಂದು ತಪ್ಪು ಮಾಡಿದ್ದೇನೆ, ಅದು ಸತ್ತ ಏಡಿಯಲ್ಲ, ಪೊರೆ ಎಂದು ನನ್ನ ಗೆಳತಿ ಹೇಳುತ್ತಾಳೆ, ಸರಿಪಡಿಸಲು ಹದಿನೈದು ದಿನ ಕೊಡಿ ಎಂದೆ. ಮೇಡಂ, "ಒಬ್ಬರ ಮಾತಿನ ಮ್ಯಾಲ ಪೊರಿ ಅನ್ನಾಕ ಬರೂದಿಲ್ರಿ. ಸತ್ತ ಏಡಿ ಉಬ್ಬಿದಾಗನೂ ಬೆನ್ನ ಏಳಬಹುದು. ಪುರಾವೆ ಏನೈತಿ?" ಎಂದರು. ಸಿಟ್ಟೋ ಬೇಸರವೋ ತಿಳಿಯಲಿಲ್ಲ. ಫೋನ್ ಇಟ್ಟರು.

ಪುರಾವೆ ಬೇಕೆಂದರೆ ನಿಜವಾಗಿಯೂ ಸತ್ತ ಏಡಿ ಬೇಕು. ಸೋಮವಾರ ಬೆಳಿಗ್ಗೆ ಮುಖ್ಯಸ್ಥರು ಬಂದದ್ದು ಹಿಡಕಲ್ ಡ್ಯಾಮಿನ ಕಡೆಯಿಂದ. ಕೈಯಲ್ಲಿ ಮುಚ್ಚಳವಿದ್ದ ಬಕೆಟ್. ಮೀನುಗಾರರ ಬಲೆಗೆ ಸಿಕ್ಕು ಆಗಷ್ಟೇ ಸತ್ತ ನಾಲ್ಕು ಏಡಿಗಳು ಅದರಲ್ಲಿದ್ದವು. ನಿನ್ನೆ ಒಂದು ವಾರ ತಡೆಯೋಣ ಎಂದವರು ಇವರೇನಾ ಎನಿಸಿತು. ಕಾಲೇಜಿನ ಹಿತ್ತಲಲ್ಲಿ ಎರಡು ತಗಡಿನ ತಟ್ಟೆಗಳಲ್ಲಿ ಕೆಸರೂ ನೀರೂ ಹಾಕಿದೆವು. ಒಂದರಲ್ಲಿ ಸತ್ತ ಏಡಿಗಳು, ಇನ್ನೊಂದರಲ್ಲಿ ಗೆಳತಿ ಹೊಸದಾಗಿ ಕಳಿಸಿದ ಪೊರೆಗಳು. ಮೇಲೆ ಕಾಗೆ ಬರದಂತೆ ಜಾಳಿಗೆ ಮುಚ್ಚಿದೆವು. ದಿನಾ ಬೆಳಿಗ್ಗೆ ಒಂದು ಫೋಟೋ, ನಾಲ್ಕು ಸಾಲು ಟಿಪ್ಪಣಿ.

ಮೂರನೆಯ ದಿನಕ್ಕೆ ಗ್ರಂಥಾಲಯದವರು ದೂರು ಕೊಟ್ಟರು. ಐದನೆಯ ದಿನಕ್ಕೆ ಇಂಗ್ಲಿಷ್ ವಿಭಾಗದವರು ಆ ಕಡೆಯ ಕಿಟಕಿಗಳನ್ನೆಲ್ಲ ಮುಚ್ಚಿಸಿದರು. ಮುಖ್ಯಸ್ಥರು ಎಲ್ಲರಿಗೂ "ಸಂಶೋಧನಾ ನಡದೈತ್ರಿ" ಎಂದು ಗಂಭೀರವಾಗಿ ಹೇಳಿ, ಮೂಗಿಗೆ ಕರವಸ್ತ್ರ ಹಿಡಿದು ನನ್ನ ಜೊತೆ ಬಗ್ಗಿ ನೋಡುತ್ತಿದ್ದರು. ಸತ್ತ ಏಡಿಗಳ ಕಾಲುಗಳು ಮೊದಲು ಕಳಚಿಬಿದ್ದವು, ಬಾಯಿಯ ಹತ್ತಿರದ ಸಣ್ಣ ಭಾಗಗಳು ಚದುರಿದವು. ಒಂದರ ಬೆನ್ನು ಎದ್ದಿತು ನಿಜ. ಆದರೆ ಅದು ಏಳುವ ಹೊತ್ತಿಗೆ ಕಾಲುಗಳು ಅತ್ತ ಎರಡು, ಇತ್ತ ಮೂರು ಬಿದ್ದಿದ್ದವು. ಪೊರೆಗಳ ತಟ್ಟೆಯಲ್ಲಿ ಬೆನ್ನು ತೆರೆದೇ ಇತ್ತು, ಕಾಲುಗಳು ಒಂದೂ ಕದಲಲಿಲ್ಲ. ಕೆನ್ನೆಯ ಎರಡೂ ಬದಿಗಿರುವ ತೆಳು ಗೆರೆಯಗುಂಟ ಚಿಪ್ಪು ಬಟ್ಟೆಯ ಹೊಲಿಗೆ ಬಿಚ್ಚಿದಷ್ಟು ನೇರವಾಗಿ ಬಿರಿದಿತ್ತು.

ಇನ್ನು ನನ್ನ ಏಡಿಯ ಕೆನ್ನೆ ನೋಡಬೇಕು. ಅಲ್ಲಿ ನಾನೇ ಪುಡಿ ಮೆತ್ತಿದ್ದೆ.

ಬಿಡಿಸುವುದು ತುಂಬುವುದಕ್ಕಿಂತ ಕಷ್ಟ. ಅಸಿಟೋನ್ ಹೆಚ್ಚಾದರೆ ಕರಗಿದ ಅಂಟು ಚಿಪ್ಪಿನ ಮೈಯೊಳಗೆ ಇಂಗುತ್ತದೆ. ಕಡಿಮೆಯಾದರೆ ಮೇಲೆಯೇ ಆರಿಹೋಗುತ್ತದೆ. ಹತ್ತಿಯ ಎಳೆಯನ್ನು ಅದ್ದಿ ಸಂದಿನ ಮೇಲಿಟ್ಟು, ಮೇಲೆ ಗಾಜಿನ ಬಟ್ಟಲು ಬೋರಲು ಹಾಕಿ, ಕಾಯಬೇಕು. ಮೆತ್ತಗಾದ ಪುಡಿಯನ್ನು ಮರದ ಕಡ್ಡಿಯಿಂದ ಎತ್ತಬೇಕು. ಮತ್ತೆ ಎಳೆ, ಮತ್ತೆ ಬಟ್ಟಲು. ನಾನು ತುಂಬಿದ್ದು ಎಷ್ಟು ಚೊಕ್ಕವಾಗಿತ್ತೆಂದರೆ ನನಗೇ ಶಾಪ ಹಾಕಿಕೊಂಡೆ. ಎರಡನೆಯ ದಿನ ಎಡಗೆನ್ನೆಯ ಅಂಚಿನಲ್ಲಿ ಸಾಸಿವೆ ಕಾಳಿಗಿಂತ ಸಣ್ಣ ಚಿಪ್ಪಿನ ಚೂರೊಂದು ಅಂಟಿನ ಜೊತೆ ಎದ್ದುಬಂತು. ಅಂದು ಕೆಲಸ ನಿಲ್ಲಿಸಿ ಮನೆಗೆ ಹೋಗಿ ಮುಸುಕು ಹಾಕಿ ಮಲಗಿಬಿಟ್ಟೆ. ಅವ್ವ ಬಂದು ಪಕ್ಕದಲ್ಲಿ ಕೂತಳು. ವಿಷಯ ಕೇಳಿ, "ಅದು ಹಣ್ಣಲ್ಲಲ್ಲ ಮತ್ತ, ಪ್ರಾಣಿ. ಹಣ್ಣಿನ ಲೆಕ್ಕ ಪ್ರಾಣಿಗಿ ಹಚ್ಚಿದ್ರ ಹೆಂಗ? ಏಳ, ಉಣ್ಣ," ಎಂದಳು. ಎದ್ದು ಉಂಡೆ. ಮರುದಿನ ಆ ಚೂರನ್ನು ಅದರ ಜಾಗದಲ್ಲಿ ಕೂರಿಸಿ, ಎಲ್ಲಿ ಎದ್ದಿತೆಂದು ಟಿಪ್ಪಣಿಯಲ್ಲಿ ಬರೆದೆ.

ಆರನೆಯ ದಿನ ಮಧ್ಯಾಹ್ನ ಎರಡು ಕೆನ್ನೆಗಳೂ ಶುಚಿಯಾದವು. ಎರಡೂ ಬದಿಗೆ ಬಿರುಕು ಹೊಲಿಗೆಯ ಗೆರೆಯನ್ನು ಎಲ್ಲಿಯೂ ಬಿಟ್ಟು ಸರಿದಿರಲಿಲ್ಲ. ಮುಖ್ಯಸ್ಥರನ್ನು ಕೂಗಿದೆ. ಅವರು ಪಾಠ ಅರ್ಧಕ್ಕೆ ಬಿಟ್ಟು ಬಂದರು, ಹಿಂದೆಯೇ ಇಡೀ ತರಗತಿ. ಚಿಪ್ಪನ್ನು ಎತ್ತಿ, ಡಬ್ಬಿಯಲ್ಲಿದ್ದ ಕೆಸರಿನ ಬೆಣೆಯನ್ನು ಮತ್ತೆ ಅಡಿಯಲ್ಲಿಟ್ಟೆ. ಮೊದಲ ಫೋಟೋ ನೋಡಿಕೊಂಡು ಚಿಪ್ಪನ್ನು ಅದರ ಮೇಲೆ ಇಳಿಸಿದೆ. ಅದು ತಾನಾಗಿಯೇ ಕೂತಿತು. ಹಿಂದೆ ಎದ್ದು, ಮುಂದೆ ಬಗ್ಗಿ, ಎರಡು ಕೋಟಿ ವರ್ಷ ಹೇಗೆ ಇತ್ತೋ ಹಾಗೆ.

"ಹೊಂಟ ಹೋತ್ರಿ ಅದು!" ಎಂದು ಮುಖ್ಯಸ್ಥರು ಚಪ್ಪಾಳೆ ತಟ್ಟಿದರು. ತರಗತಿಯೂ ತಟ್ಟಿತು, ಅರ್ಧ ಜನಕ್ಕೆ ಏಕೆಂದು ಗೊತ್ತಿರಲಿಲ್ಲ.

ಆ ಬೆಣೆಯನ್ನೂ ಚಿಪ್ಪಿನ ಅಡಿ ಇಡುವ ಮೊದಲು ಸೂಕ್ಷ್ಮದರ್ಶಕದಲ್ಲಿ ನೋಡಿದ್ದೆ. ಮರಳಿನ ಒಂದು ಕಣವೂ ಇರಲಿಲ್ಲ. ಹಿಟ್ಟಿನಂಥ ಕೆಸರು, ಪದರದ ಮೇಲೆ ಪದರ, ಯಾವ ಪದರವೂ ಕದಡಿರಲಿಲ್ಲ. ನಡುವೆ ಒಂದು ಗಿಡ್ಡ ಬಸವನಹುಳುವಿನ ಚಿಪ್ಪು ಸಿಕ್ಕಿಕೊಂಡಿತ್ತು. ಕಾಂಡ್ಲಾ ಮರಗಳ ಕಾಡಿನ ಕೆಸರಿನಲ್ಲಿ ಇರುವ ಬಗೆಯದು. ಕಾರವಾರ, ಕುಮಟಾ ಕಡೆ ಹೋದವರು ಉಪ್ಪುನೀರಿನಲ್ಲಿ ಬೇರು ಊರಿ ನಿಂತ ಆ ಮರಗಳನ್ನು ನೋಡಿರುತ್ತಾರೆ. ಪೊರೆಯೆಂದರೆ ತೀರ ನಾಜೂಕು. ಒಂದು ತೆರೆ ಬಡಿದರೂ ಹತ್ತು ಕಾಲು ಹತ್ತು ದಿಕ್ಕಿಗೆ. ಹಾಗಾಗಿ ಅಲ್ಲಿ ತೆರೆ ಇರಲಿಲ್ಲ. ಸಮುದ್ರದಿಂದ ಒಳಗೆ ಸರಿದ, ಮರಗಳ ನೆರಳಿನ, ಬೆಚ್ಚಗಿನ ನಿಂತ ನೀರು. ಇಂದು ಒಣಗಿ ಬಿರುಕುಬಿಟ್ಟ ಕಛ್‌ನ ನೆಲದಲ್ಲಿ ಅಂದು ಅಂಥದೊಂದು ಹಿನ್ನೀರಿನ ಮೂಲೆ. ಏಡಿ ಅಲ್ಲಿಗೆ ಬಂದದ್ದು ಸಾಯಲಿಕ್ಕಲ್ಲ. ಹೊಸ ಮೈ ಗಟ್ಟಿಯಾಗುವವರೆಗೆ ಯಾರ ಕಣ್ಣಿಗೂ ಬೀಳದೆ ಇರಲು. ನಾನು ಕೂತಲ್ಲಿಂದಲೇ ಆ ನೀರನ್ನು ಕಂಡ ಹಾಗಾಯಿತು. ಅಷ್ಟು ಆನಂದ ನನಗೆ ಯಾವ ಬೊಂಬೆಯಿಂದಲೂ ಸಿಕ್ಕಿರಲಿಲ್ಲ.

ಎಲ್ಲವನ್ನೂ ಬರೆದು ಕಳಿಸಿದೆ. ಎರಡು ತಟ್ಟೆಗಳ ಫೋಟೋಗಳು, ನಾನು ತುಂಬಿದ ಜಾಗದ ಚಿತ್ರ, ಏಕೆ ತುಂಬಿದೆ, ಹೇಗೆ ತೆಗೆದೆ, ಕಿತ್ತುಬಂದ ಚೂರು. ಮೂಡಲಗಿಯ ಗೆಳತಿಯ ಮಾತನ್ನೂ ಅವಳದೇ ಶಬ್ದಗಳಲ್ಲಿ ಬರೆದೆ. ಕೊನೆಗೆ ಪೆಟ್ಟಿಗೆ ಬೇರೆಡೆಗೆ ಹೋದರೂ ಬೇಸರವಿಲ್ಲ ಎಂದು ಬರೆದು, ಅದು ಸುಳ್ಳೆನಿಸಿ, ಆ ಸಾಲನ್ನು ಹೊಡೆದುಹಾಕಿದೆ.

ಒಂದು ವಾರ ಉತ್ತರವಿಲ್ಲ. ಎರಡು ವಾರ. ಮುಖ್ಯಸ್ಥರು ಏಡಿಯ ಮಾತೆತ್ತುವುದನ್ನೇ ಬಿಟ್ಟರು. ಖಾಲಿ ಕಪಾಟಿನಲ್ಲಿ ಯಾರೋ ಹಾಜರಿ ಪುಸ್ತಕಗಳನ್ನು ಇಡಲು ಶುರುಮಾಡಿದರು. ನಾನು ಜಗಳಕ್ಕೆ ಹೋಗಲಿಲ್ಲ.

ಮೂರನೆಯ ವಾರ ಕಾಲೇಜಿನ ಗೇಟಿನ ಮುಂದೆ ಟೆಂಪೋ ನಿಂತಿತು. ನಾಲ್ಕು ಜನ ಸೇರಿ ಇಳಿಸಿದ ಕಟ್ಟಿಗೆಯ ಪೆಟ್ಟಿಗೆ. ಮುಖ್ಯಸ್ಥರು ತಾವೇ ಸ್ಕ್ರೂಡ್ರೈವರ್ ತಂದು ಮುಚ್ಚಳ ಬಿಚ್ಚಿದರು. ಮೇಲೆಯೇ ಮೂರು ಸಣ್ಣ ಡಬ್ಬಿಗಳು, ಒಂದು ಚೀಟಿ. ಮೂರು ಡಬ್ಬಿಗಳಲ್ಲಿ ಮೂರು ಬಿಡಿಸಿದ ಏಡಿಗಳು, ಮೈ ಮುಚ್ಚಿದವು, 'ಸತ್ತು ಹೂತದ್ದು' ಎಂಬ ಹಳದಿಗಟ್ಟಿದ ಲೇಬಲ್ಲಿನವು. ಚೀಟಿಯನ್ನು ಮುಖ್ಯಸ್ಥರು ಗಟ್ಟಿಯಾಗಿ ಓದಿದರು:

"ಇವು ನಾನು ವಿದ್ಯಾರ್ಥಿನಿಯಾಗಿದ್ದಾಗ ಬಿಡಿಸಿದ ಏಡಿಗಳು. ಸತ್ತ ಏಡಿ ಹೇಗಿರುತ್ತದೆ ಎಂದು ಪಾಠ ಹೇಳುವಾಗ ಇಷ್ಟು ವರ್ಷ ಇವನ್ನೇ ತೋರಿಸಿದ್ದೇನೆ. ನಿಮ್ಮ ಪತ್ರ ಓದಿದ ಮೇಲೆ ಭೂತಗನ್ನಡಿ ಹಿಡಿದು ನೋಡಿದೆ. ಮೂರರ ಬೆನ್ನ ಹಿಂದೆಯೂ ನನ್ನದೇ ಕೈಯ ತೇಪೆ. ಉತ್ತರ ಬರೆಯಲು ತಡವಾದದ್ದು ನಾಚಿಕೆಯಿಂದ. ಮೊದಲು ಇವನ್ನು ಬಿಡಿಸಿ, ಉಳಿದವು ಆಮೇಲೆ."

ಬಿಡಿಸಿದೆ. ತಿಂಗಳು ಹಿಡಿಯಿತು. ಮೂರೂ ಪೊರೆಗಳೇ. ಹಳೆಯ ಲೇಬಲ್ ಎಷ್ಟೇ ತಪ್ಪಿದ್ದರೂ ಅದನ್ನು ತೆಗೆಯುವಂತಿಲ್ಲ, ಅದರ ಕೆಳಗೆ ಹೊಸದನ್ನು ಇಡಬೇಕು. ಅದು ನಮ್ಮ ಕೆಲಸದ ಪದ್ಧತಿ. ಏನೆಂದು ಬರೆಯಲಿ ಎಂದು ಮೇಡಂಗೆ ಫೋನ್ ಮಾಡಿದೆ.

"ಪೊರೆ ಅಂತ ಬರೀರಿ, ಮತ್ತೇನ್ ಬರೀತೀರಿ," ಎಂದರು. ಫೋನ್ ಇಡುವರೆಂದುಕೊಂಡೆ. ಇಡಲಿಲ್ಲ. "ಕೆಳಗ ಜಾಗಾ ಐತೇನ್ರಿ?"

"ಐತ್ರಿ ಮೇಡಂ. ಒಂದ ಸಾಲಿನಷ್ಟ."

"ಹಂಗಾರ ಸಣ್ಣ ಅಕ್ಷರದಾಗ ಬರೀರಿ. ಏಡಿ ಜೀವಂತ ಹೋತು ಅಂತ."

ತೆಳು ನಿಬ್ಬಿನ ಪೆನ್ನು ತೆಗೆದುಕೊಂಡು, ಅವರು ಹೇಳಿದ ಹಾಗೆಯೇ, ಮೂರು ಸಲ ಬರೆದೆ.